ದಾರ ಕಾಣುವ ದೆವ್ವಗಳು

ಒಂದು ಉದ್ದನೆಯ ಮರದ ಹಲಗೆ. ಅದರ ನಟ್ಟನಡುವೆ ಒಂದು ಕ್ಯಾಮೆರಾ ಬಿಗಿದು ಕಟ್ಟಿದ್ದಾರೆ. ಆ ತುದಿ ಒಬ್ಬ, ಈ ತುದಿ ಒಬ್ಬ ಹಿಡಿದುಕೊಂಡು ಕಾಡಿನೊಳಗೆ ಏದುಸಿರು ಬಿಡುತ್ತಾ ಓಡುತ್ತಿದ್ದಾರೆ. ಪೊದೆ ಬಂದರೂ ಸರಿ, ಬೇರು ಎಡವಿದರೂ ಸರಿ, ನಿಲ್ಲುವ ಮಾತಿಲ್ಲ. ದೂರದಿಂದ ನೋಡಿದವರಿಗೆ ಇಬ್ಬರು ಏಣಿ ಕದ್ದು ಓಡುತ್ತಿರುವ ಹಾಗೆ ಕಾಣಬೇಕು.

1979ರ ಚಳಿಗಾಲ. ಅಮೆರಿಕದ ಟೆನೆಸಿ ರಾಜ್ಯದ ಮಾರಿಸ್‌ಟೌನ್ ಬಳಿಯ ಒಂದು ಪಾಳುಬಿದ್ದ ಮರದ ಮನೆ. ಅಲ್ಲಿ 20 ವರ್ಷದ ಸ್ಯಾಮ್ ರೈಮಿ ತನ್ನ ಗೆಳೆಯರನ್ನು ಸೇರಿಸಿಕೊಂಡು ‘ದಿ ಈವಿಲ್ ಡೆಡ್’ ಚಿತ್ರ ತೆಗೆಯುತ್ತಿದ್ದ. ಕಥೆಯಲ್ಲಿ ಕಾಡಿನಿಂದ ಒಂದು ದುಷ್ಟಶಕ್ತಿ ಎದ್ದು ಮನೆಯ ಕಡೆ ನುಗ್ಗಬೇಕು. ಆ ಶಕ್ತಿಯನ್ನು ತೋರಿಸೋಣ ಅಂದರೆ ದುಡ್ಡಿಲ್ಲ. ಓಡುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಸ್ಟೆಡಿಕ್ಯಾಮ್ ಆಗಷ್ಟೇ ಬಳಕೆಗೆ ಬಂದಿತ್ತು, ಅದೂ ಕೈಗೆಟುಕುವ ಹಾಗಿರಲಿಲ್ಲ. ಸರಿ, ದೆವ್ವವನ್ನು ತೋರಿಸುವುದೇ ಬೇಡ, ದೆವ್ವ ಏನು ನೋಡುತ್ತದೋ ಅದನ್ನು ತೋರಿಸೋಣ ಎಂದು ಹೊರಟರು. ಹಲಗೆ ಕೈಗೆ ಬಂದಿದ್ದು ಹೀಗೆ. ನೋಡುವವರು ದೆವ್ವದ ಕಣ್ಣೊಳಗೆ ಕೂತು ಮರಗಳ ನಡುವೆ ನುಗ್ಗುತ್ತಾರೆ. ಅದರ ಮುಖ ಹೇಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ ಜಾಸ್ತಿ ಭಯ.

ಇಡೀ ಚಿತ್ರಕ್ಕೆ ಖರ್ಚಾಗಿದ್ದು 4 ಲಕ್ಷ ಡಾಲರ್‌ಗಿಂತ ಕಡಿಮೆ. ಆ ದುಡ್ಡು ಹೊಂದಿಸಿದ್ದೇ ಒಂದು ಕಾಮಿಡಿ. 1978ರಲ್ಲಿ ಅರ್ಧ ಗಂಟೆಯ ಒಂದು ಕಿರುಚಿತ್ರ ಮಾಡಿ, ಅದನ್ನು ಸ್ಯಾಂಪಲ್ಲಿನಂತೆ ಹಿಡಿದುಕೊಂಡು ಡಾಕ್ಟರು, ವಕೀಲರು, ಹಲ್ಲಿನ ವೈದ್ಯರ ಮನೆಬಾಗಿಲು ತಟ್ಟಿದ್ದರು. ದಿನವಿಡೀ ಜನರ ಬಾಯಲ್ಲಿ ಕೊರೆಯುವವರಿಗೆ ಹಾರರ್ ಬೇಗ ಅರ್ಥವಾಗಿರಬೇಕು.

ಈ ಮೊದಲ ಚಿತ್ರ ಜನರನ್ನು ಹೆದರಿಸಬೇಕೆಂದೇ ಮಾಡಿದ್ದು. ಆದರೆ ಅದರ ಅತಿರೇಕ ನೋಡಿ ಕಿರುಚಿದವರು ನಕ್ಕಿದ್ದೂ ಉಂಟು. 1987ರಲ್ಲಿ ಎರಡನೇ ಭಾಗ ಬಂದಾಗ ರೈಮಿ ಆ ನಗುವಿಗೇ ಕೈ ಹಾಕಿದ. ನಾಯಕನ ಬಲಗೈಗೆ ದೆವ್ವ ಹಿಡಿಯುತ್ತದೆ. ಆ ಕೈ ಅವನ ಮುಖಕ್ಕೇ ಗುದ್ದುತ್ತದೆ, ಕೂದಲು ಹಿಡಿದು ಎಳೆಯುತ್ತದೆ, ಒಂದಾದ ಮೇಲೊಂದು ತಟ್ಟೆಯನ್ನು ಅವನ ತಲೆಗೇ ಬಡಿದು ಒಡೆಯುತ್ತದೆ. ನಾಯಕನ ಪಾತ್ರ ಮಾಡಿದ ಬ್ರೂಸ್ ಕ್ಯಾಂಪ್‌ಬೆಲ್ ತನ್ನ ಕೈಯಿಂದ ತಾನೇ ಒದೆ ತಿನ್ನುತ್ತಾನೆ. ಅದಕ್ಕೆ ಬೇಕಾಗಿದ್ದು ಏನು? ಒಬ್ಬ ನಟ, ಒಂದು ಅಡುಗೆಮನೆ, ಒಂದಷ್ಟು ತಟ್ಟೆ.

ಕಡಿಮೆ ದುಡ್ಡಿನ ಹಾರರ್ ಕಾಮಿಡಿಗಳ ಮೇಲೆ ಜನರಿಗೆ ಯಾಕಿಷ್ಟು ಪ್ರೀತಿ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಕೆಟ್ಟದಾಗಿರತ್ತೆ, ಅದಕ್ಕೇ ಮಜಾ’. ನನಗೆ ಈ ಉತ್ತರದ ಮೇಲೆ ಅಷ್ಟು ನಂಬಿಕೆಯಿಲ್ಲ. ಕೆಟ್ಟ ಸಿನಿಮಾಗಳಿಗೇನು ಬರ? ಅವುಗಳಲ್ಲಿ ಹತ್ತಕ್ಕೆ ಒಂಬತ್ತು ನಿದ್ದೆ ಬರಿಸುತ್ತವೆ. ನಿಜವಾದ ವಿಷಯ ದಾರದ್ದು. ಗೊಂಬೆಯಾಟದಲ್ಲಿ ಗೊಂಬೆಯ ದಾರ ಕಾಣುತ್ತದೆ, ಆದರೂ ನಾವು ನೋಡುತ್ತೇವೆ. ಬಡ ಬಜೆಟ್ಟಿನ ದೆವ್ವಕ್ಕೂ ಹಾಗೇ ದಾರ ಕಾಣುತ್ತದೆ. ಯಾವ ದಾರ ಯಾವಾಗ ಕಾಣಬೇಕು, ಯಾವುದು ಕಾಣಲೇಬಾರದು ಎಂದು ಗೊತ್ತಿರುವವನ ಸಿನಿಮಾ ಉಳಿದುಕೊಳ್ಳುತ್ತದೆ.

ಅದಕ್ಕೆ ಮೊದಲು ಬೇರೆ ಒಂದು ಪ್ರಶ್ನೆ ಬಿಡಿಸಿಕೊಳ್ಳಬೇಕು. ಹೆದರಿಕೆ ಮತ್ತು ನಗು ಒಂದೇ ಸಿನಿಮಾದಲ್ಲಿ ಹೇಗೆ ಒಟ್ಟಿಗೆ ಬಾಳುತ್ತವೆ?

ಒಂದೇ ಬಾಗಿಲಿನಿಂದ ಬರುವ ಇಬ್ಬರು

ಬಾಗಿಲ ಹಿಂದೆ ಅವಿತು, ಒಳಗೆ ಬಂದವರ ಮುಂದೆ ‘ಭೋ’ ಎಂದು ಹಾರಿ ನೋಡಿ. ಮೊದಲು ಕಿರುಚುತ್ತಾರೆ. ಒಂದು ಕ್ಷಣದಲ್ಲಿ ನಿಮ್ಮ ಮುಖ ಗುರುತಾಗುತ್ತದೆ, ನಗುತ್ತಾರೆ. ಆಮೇಲೆ ಒಂದು ಏಟು ಕೊಡುತ್ತಾರೆ, ಅದು ಬೇರೆ. ಕಿರುಚಾಟಕ್ಕೂ ನಗುವಿಗೂ ನಡುವೆ ಬದಲಾಗಿದ್ದು ಒಂದೇ: ಇದರಿಂದ ತನಗೆ ಅಪಾಯವಿಲ್ಲ ಎಂಬ ತಿಳಿವಳಿಕೆ.

ಪೀಟರ್ ಮೆಗ್ರಾ ಮತ್ತು ಕೇಲೆಬ್ ವಾರೆನ್ ಎಂಬ ಇಬ್ಬರು ಸಂಶೋಧಕರು 2010ರಲ್ಲಿ ಮಂಡಿಸಿದ ವಾದ ಹೆಚ್ಚು ಕಡಿಮೆ ಇದೇ. ಯಾವುದೋ ಒಂದು ನಿಯಮ ಮುರಿಯಬೇಕು, ಏನೋ ಸರಿಯಿಲ್ಲ ಅನ್ನಿಸಬೇಕು. ಅದೇ ಹೊತ್ತಿಗೆ ‘ಪರವಾಗಿಲ್ಲ, ಏನೂ ಆಗಲ್ಲ’ ಎಂದೂ ಅನ್ನಿಸಬೇಕು. ಎರಡೂ ಒಟ್ಟಿಗೆ ಬಂದರೆ ನಗು. ಕಚಗುಳಿ ಇಟ್ಟಾಗ ಆಗುವುದೂ ಇದೇ. ಗೆಳೆಯ ಇಟ್ಟರೆ ನಗು, ಗುರುತಿಲ್ಲದವನು ಇಟ್ಟರೆ ಭಯ.

ಇದಕ್ಕೂ ಮೊದಲು, 1999ರಲ್ಲಿ, ತತ್ವಶಾಸ್ತ್ರಜ್ಞ ನೋಯಲ್ ಕ್ಯಾರೊಲ್ ಇದನ್ನು ಇನ್ನೊಂದು ದಿಕ್ಕಿನಿಂದ ನೋಡಿದ್ದರು. ಭೂತ, ಜೊಂಬಿ, ವ್ಯಾಂಪೈರ್ ಯಾಕೆ ಭಯ ಹುಟ್ಟಿಸುತ್ತವೆ? ಅವು ಯಾವ ಗುಂಪಿಗೂ ಸೇರುವುದಿಲ್ಲ. ಸತ್ತಿದೆ, ಆದರೂ ನಡೆಯುತ್ತದೆ. ಮನುಷ್ಯನ ಹಾಗಿದೆ, ಆದರೆ ಮನುಷ್ಯ ಅಲ್ಲ. ಜೊತೆಗೆ ಅಪಾಯಕಾರಿ. ಈಗ ಕೋಡಂಗಿಯನ್ನು ನೋಡಿ. ಅವನೂ ಯಾವ ಗುಂಪಿಗೂ ಸರಿಯಾಗಿ ಸೇರದವನೇ. ಮೂಗು ಮನುಷ್ಯರದ್ದಲ್ಲ, ಕಾಲು ಅಳತೆಗಿಂತ ದೊಡ್ಡದು, ಎಷ್ಟು ಬಿದ್ದರೂ ಗಾಯವಾಗುವುದಿಲ್ಲ. ಅವನಿಂದ ಅಪಾಯ ಇಲ್ಲ, ಅಷ್ಟೇ ವ್ಯತ್ಯಾಸ. ಭೂತದಿಂದ ಅಪಾಯ ತೆಗೆದರೆ ಕೋಡಂಗಿ. ಕೋಡಂಗಿಗೆ ಅಪಾಯ ಸೇರಿಸಿದರೆ ಭೂತ. ಕೋಡಂಗಿಗಳನ್ನು ಕಂಡರೇ ನಡುಗುವ ಜನ ಯಾಕಿದ್ದಾರೆ ಎನ್ನುವುದೂ ಇದರಿಂದ ಅರ್ಥವಾಗುತ್ತದೆ, ಅಲ್ವಾ?

ಇಲ್ಲಿಗೇ ದುಡ್ಡಿನ ವಿಷಯ ಬಂದು ಸೇರುತ್ತದೆ. ದುಬಾರಿ ಸಿನಿಮಾದ ಭೂತ ಎಷ್ಟು ಪಕ್ಕಾ ಇರುತ್ತದೆ ಎಂದರೆ, ಅದರಿಂದ ಅಪಾಯವನ್ನು ತೆಗೆಯಬೇಕಾದರೆ ಚಿತ್ರಕಥೆ ಬರೆಯುವವನು ಕಷ್ಟಪಡಬೇಕು. ಅಗ್ಗದ ಭೂತ ತನ್ನಷ್ಟಕ್ಕೇ ಅರ್ಧ ಕೋಡಂಗಿ. ಮುಖವಾಡದ ಅಂಚು ಕತ್ತಿನ ಹತ್ತಿರ ಸ್ವಲ್ಪ ಎದ್ದಿದೆ. ಆ ಅಂಚು ಕಂಡ ತಕ್ಷಣ ನಮ್ಮ ತಲೆಯೊಳಗೆ ಯಾರೋ ‘ಏನೂ ಆಗಲ್ಲ’ ಎನ್ನುತ್ತಾರೆ. ನಗು ಬರುತ್ತದೆ. ಮುಂದಿನ ಕ್ಷಣ ಲೈಟು ಆರಿ ಅಂಚು ಕತ್ತಲಲ್ಲಿ ಮುಳುಗುತ್ತದೆ, ಭಯ ವಾಪಸ್. ಒಂದೇ ಮುಖವಾಡ ಎರಡೂ ಕೆಲಸ ಮಾಡಿಕೊಟ್ಟಿತು.

ಲೆಕ್ಕಾಚಾರ ಎರಡಕ್ಕೂ ಒಂದೇ. ಜೋಕು ಹೇಳುವವನು ಏನು ಮಾಡುತ್ತಾನೆ? ಕಟ್ಟುತ್ತಾನೆ, ಒಂದು ಗಳಿಗೆ ನಿಲ್ಲುತ್ತಾನೆ, ಬಿಡುತ್ತಾನೆ. ಹೆದರಿಸುವವನೂ ಅಷ್ಟೇ. ಅರ್ಧ ಸೆಕೆಂಡು ಬೇಗ ಬಂದರೆ ಭೂತ ಸಪ್ಪೆ, ಅರ್ಧ ಸೆಕೆಂಡು ತಡವಾದರೆ ಜೋಕು ಸಪ್ಪೆ. ಈ ಗಳಿಗೆಗೆ ದುಡ್ಡು ಕೊಡಬೇಕಾಗಿಲ್ಲ. ಎಡಿಟಿಂಗ್ ಟೇಬಲ್ ಮುಂದೆ ತಾಳ್ಮೆಯಿಂದ ಕೂರಬೇಕು, ಅಷ್ಟೇ.

ಇದರ ಒಂದು ಹಳೆಯ ಉದಾಹರಣೆ ನನಗೆ ತುಂಬಾ ಇಷ್ಟ. ಅದು ಕಾಮಿಡಿ ಸಿನಿಮಾ ಅಲ್ಲ, ಆದರೂ ಇಲ್ಲಿ ಬೇಕು. 1942ರಲ್ಲಿ ‘ಕ್ಯಾಟ್ ಪೀಪಲ್’ ಎಂಬ ಚಿತ್ರ ಬಂತು. ನಿರ್ಮಾಪಕ ವ್ಯಾಲ್ ಲ್ಯೂಟನ್‌ಗೆ ಸ್ಟುಡಿಯೋ ಹಾಕಿದ್ದ ಗೆರೆ ಒಂದು ಚಿತ್ರಕ್ಕೆ ಒಂದೂವರೆ ಲಕ್ಷ ಡಾಲರ್, ಅದನ್ನು ದಾಟುವ ಹಾಗಿಲ್ಲ. ಸೆಟ್‌ನ ಮೆಟ್ಟಿಲುಗಳು ಕೂಡ ಬೇರೆ ಸಿನಿಮಾಗೆ ಕಟ್ಟಿ ಬಿಟ್ಟಿದ್ದವು. ಅದರಲ್ಲಿ ಒಬ್ಬ ಹೆಂಗಸು ರಾತ್ರಿ ಒಬ್ಬಳೇ ನಡೆದು ಹೋಗುತ್ತಾಳೆ. ಹಿಂದೆ ಹೆಜ್ಜೆ ಸದ್ದು. ಅವಳು ಬೇಗ ಬೇಗ ನಡೆಯುತ್ತಾಳೆ. ಹೆಜ್ಜೆ ಸದ್ದು ನಿಂತುಹೋಗುತ್ತದೆ. ಈಗ ಯಾವುದೋ ಪ್ರಾಣಿ ಮೈಮೇಲೆ ಹಾರುತ್ತದೆ ಎನ್ನುವಾಗ ಬುಸ್ಸೆಂದು ಒಂದು ಸದ್ದು! ಬಸ್ಸು ಬಂದು ನಿಲ್ಲುತ್ತದೆ. ಸುಮ್ನೆ ಬಸ್ಸು. ನೋಡುವವರ ಎದೆ ಬಾಯಿಗೆ ಬಂದಿರುತ್ತದೆ, ಬಂದಿದ್ದು ಬಸ್ಸು ಎಂದು ತಿಳಿದು ಒಂದು ನಗೆ ಹೊರಬೀಳುತ್ತದೆ. ಇಂಥ ಸುಳ್ಳು ಬೆದರಿಕೆಗೆ ಸಿನಿಮಾದವರು ಇವತ್ತಿಗೂ ‘ಲ್ಯೂಟನ್ ಬಸ್’ ಎಂದೇ ಹೇಳುತ್ತಾರೆ. ಬಸ್ಸಿನ ಜಾಗದಲ್ಲಿ ಬೆಕ್ಕು, ಕಿಟಕಿ, ಗೆಳೆಯನ ಕೈ ಬಂದುಹೋದವು. ಹಾರರ್ ಕಾಮಿಡಿ ಈ ಬಸ್ಸನ್ನೇ ಇಟ್ಟುಕೊಂಡು ಒಂದು ಸುತ್ತು ಹೆಚ್ಚು ತಿರುಗಿಸುತ್ತದೆ. ಬಸ್ಸು ಎಂದು ನಕ್ಕಿರಿ, ಸರಿ. ಈಗ ಬಸ್ಸಿನೊಳಗೆ ಯಾರಿದ್ದಾರೆ ನೋಡಿ.

ಸಕ್ಕರೆ ಪಾಕದ ರಕ್ತ

ಹಾರರ್ ಸಿನಿಮಾ ಯಾಕೆ ಹೊಸಬರ ಮೊದಲ ಆಯ್ಕೆ? ಕಾರಣ ಸರಳ. ದೊಡ್ಡ ಸ್ಟಾರ್ ಬೇಕಿಲ್ಲ, ಭೂತವೇ ಸ್ಟಾರ್. ಅದು ಸಂಭಾವನೆ ಕೇಳುವುದಿಲ್ಲ, ಕಾಲ್‌ಶೀಟ್ ಮುಗಿಯಿತು ಎಂದು ಎದ್ದು ಹೋಗುವುದಿಲ್ಲ. ಒಂದು ಮನೆ ಸಾಕು, ಐದಾರು ಜನ ಸಾಕು. ರಾತ್ರಿ ಕತೆಯಾದ್ದರಿಂದ ಸೆಟ್‌ನ ಅರ್ಧ ಭಾಗವನ್ನು ಕತ್ತಲೇ ಕಟ್ಟಿಕೊಡುತ್ತದೆ. ಒಂದೇ ಮನೆಯಲ್ಲಿ ಸಿಕ್ಕಿಕೊಂಡವರು ಒಬ್ಬರಿಗೊಬ್ಬರು ಜಗಳವಾಡುತ್ತಾರೆ, ಕಾಮಿಡಿಗೆ ಬೇಕಾದ್ದೂ ಅದೇ.

ಅಮೆರಿಕದ ನಿರ್ದೇಶಕ ರೋಜರ್ ಕಾರ್ಮನ್ ಈ ಲೆಕ್ಕದಲ್ಲಿ ಪಂಟ. 1960ರ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಚಿತ್ರದ ಮುಖ್ಯ ಭಾಗವನ್ನು 2 ದಿನದಲ್ಲಿ ಮುಗಿಸಿಬಿಟ್ಟ. ಖರ್ಚು ಸುಮಾರು 30 ಸಾವಿರ ಡಾಲರ್. ಬೇರೆ ಚಿತ್ರಕ್ಕೆ ಹಾಕಿದ್ದ ಸೆಟ್ ಇನ್ನೂ ಕಿತ್ತಿರಲಿಲ್ಲ, ಕೀಳುವುದರೊಳಗೆ ಇನ್ನೊಂದು ಸಿನಿಮಾ! ಹೂವಿನ ಅಂಗಡಿಯ ಒಬ್ಬ ಪೆದ್ದ ಹುಡುಗ ಒಂದು ಗಿಡ ಸಾಕುತ್ತಾನೆ. ಆ ಗಿಡಕ್ಕೆ ಮನುಷ್ಯರ ರಕ್ತ ಬೇಕು, ಬಾಯಿ ಬಿಟ್ಟು ಕೇಳುತ್ತದೆ. ಅದೊಂದು ಗೊಂಬೆ ಎಂದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಹಲ್ಲಿನ ವೈದ್ಯರ ಹತ್ತಿರ ಬಂದು ನೋವನ್ನೇ ಆನಂದಿಸುವ ಒಬ್ಬ ರೋಗಿಯ ಸಣ್ಣ ಪಾತ್ರ ಮಾಡಿದವನು, ಆಗ ಯಾರಿಗೂ ಗೊತ್ತಿರದ ಜಾಕ್ ನಿಕಲ್ಸನ್. (ಈ ಪ್ರಕಾರಕ್ಕೂ ಹಲ್ಲಿನ ವೈದ್ಯರಿಗೂ ಏನೋ ನಂಟಿದೆ.) ಎರಡು ದಿನದ ಈ ಸಿನಿಮಾ 1982ರಲ್ಲಿ ರಂಗದ ಮೇಲೆ ಸಂಗೀತ ನಾಟಕವಾಯಿತು, 1986ರಲ್ಲಿ ದೊಡ್ಡ ಬಜೆಟ್ಟಿನ ಚಿತ್ರವೂ ಆಯಿತು.

ಇನ್ನು ರಕ್ತ. ‘ದಿ ಈವಿಲ್ ಡೆಡ್’ನ ರಕ್ತ ಜೋಳದ ಸಿರಪ್, ಕೆಂಪು ಬಣ್ಣ ಮತ್ತು ಕಾಫಿಗೆ ಹಾಕುವ ಕ್ರೀಮರ್ ಪುಡಿ ಸೇರಿಸಿ ಮಾಡಿದ್ದು. ಬರೀ ಸಿರಪ್‌ಗೆ ಬಣ್ಣ ಹಾಕಿದರೆ ಗಾಜಿನ ಹಾಗೆ ಪಾರದರ್ಶಕವಾಗಿ ಕಾಣುತ್ತದೆ, ಪುಡಿ ಬಿದ್ದರೆ ರಕ್ತದ ಮಂದ ಬರುತ್ತದೆ. ತೊಂದರೆ ಒಂದೇ, ಅದು ಸಕ್ಕರೆ ಪಾಕ. ಮೈಗೆ ಹತ್ತಿದರೆ ಬಿಡುವುದಿಲ್ಲ. ಒಣಗಿದರೆ ಬಟ್ಟೆ ತಗಡಿನಂತೆ ಸೆಟೆದು ನಿಲ್ಲುತ್ತದೆ. ಎರಡನೇ ಭಾಗದಲ್ಲಿ ಕಪ್ಪು, ಹಸಿರು ದ್ರವವೂ ಚಿಮ್ಮುತ್ತದೆ. ಕೆಂಪು ಕಡಿಮೆಯಾದರೆ ರೇಟಿಂಗ್ ಕೊಡುವವರು ಕಣ್ಣು ಕೆಂಪು ಮಾಡುವುದೂ ಕಡಿಮೆಯಾಗಬಹುದು ಎಂಬ ಆಸೆ. ಹಸಿರು ರಕ್ತ ಬಂದ ಮೇಲೆ ಅದು ಕಾಮಿಡಿ ಆಗದೆ ಇನ್ನೇನು?

ಸದ್ದಿನ ಕತೆಯೂ ಹೀಗೇ. ಪರದೆಯ ಮೇಲೆ ಮೂಳೆ ಮುರಿಯುವಾಗ ಡಬ್ಬಿಂಗ್ ಕೋಣೆಯಲ್ಲಿ ಮುರಿಯುವುದು ಸೆಲರಿ ದಂಟು. ದೊಡ್ಡ ಬಜೆಟ್ಟಿನವರೂ ಅದನ್ನೇ ಮುರಿಯುತ್ತಾರೆ, ಈ ವಿಷಯದಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ.

ಪೀಟರ್ ಜಾಕ್ಸನ್‌ನ ಮೊದಲ ಚಿತ್ರದ ಕತೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನ್ಯೂಜಿಲೆಂಡ್‌ನ ಒಂದು ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ರಜೆಯ ದಿನ ಗೆಳೆಯರನ್ನು ಕರೆದುಕೊಂಡು ಹೋಗಿ ಶೂಟಿಂಗ್. ಹಾಗೆ ಶನಿವಾರ ಭಾನುವಾರ ಕೂಡಿಸಿ ಕೂಡಿಸಿ 4 ವರ್ಷ. 1987ರಲ್ಲಿ ‘ಬ್ಯಾಡ್ ಟೇಸ್ಟ್’ ಸಿದ್ಧವಾಯಿತು. ಮನುಷ್ಯರನ್ನು ತಿನ್ನಲು ಬಂದ ಬೇರೆ ಗ್ರಹದವರ ಕತೆ. ಅವರ ರಬ್ಬರ್ ಮುಖವಾಡಗಳನ್ನು ಬೇಯಿಸಿದ್ದು ಜಾಕ್ಸನ್‌ನ ಅಮ್ಮನ ಅಡುಗೆಮನೆಯ ಓವನ್‌ನಲ್ಲಿ. ರೊಟ್ಟಿ ಬೇಯುವ ಜಾಗದಲ್ಲಿ ರಾಕ್ಷಸರ ತಲೆ! ಆ ಅಮ್ಮನ ತಾಳ್ಮೆಗೆ ಒಂದು ಪ್ರಶಸ್ತಿ ಕೊಡಬೇಕಿತ್ತು.

ಕ್ಯಾಮೆರಾ 16 ಎಂಎಂನ ಬೋಲೆಕ್ಸ್. ಹಳೆಯ ಗಡಿಯಾರದಂತೆ ಕೀಲಿ ಕೊಡಬೇಕು. ಒಂದು ಸಲ ಕೊಟ್ಟರೆ ಅರ್ಧ ನಿಮಿಷಕ್ಕಿಂತ ಕಡಿಮೆ ಓಡುತ್ತದೆ. ಹಾಗಾಗಿ ಉದ್ದದ ಶಾಟ್ ಸಾಧ್ಯವೇ ಇಲ್ಲ. ಚಿತ್ರ ನೋಡುವಾಗ ತುಂಡು ತುಂಡು ಶಾಟ್‌ಗಳು ಪಟಪಟನೆ ಬಂದು ಬೀಳುವುದು ಗೊತ್ತಾಗುತ್ತದೆ, ಕಾಮಿಡಿಗೆ ಆ ಓಟ ಚೆನ್ನಾಗಿಯೇ ಒಗ್ಗಿದೆ. ನಟರೂ ಸಾಲದು. ಜಾಕ್ಸನ್ ತಾನೇ ಎರಡು ಪಾತ್ರ ಹಾಕಿದ. ಒಬ್ಬನಿಗೆ ಗಡ್ಡ ಇದೆ, ಇನ್ನೊಬ್ಬನಿಗೆ ಇಲ್ಲ. ಒಂದು ದೃಶ್ಯದಲ್ಲಿ ಬಂಡೆಯ ತುದಿಯಲ್ಲಿ ಇವರಿಬ್ಬರೂ ಹೊಡೆದಾಡುತ್ತಾರೆ. ಗಡ್ಡ ಬಿಟ್ಟಾಗ ಒಂದು ಕಡೆಯ ಶಾಟ್, ಬೋಳಿಸಿಕೊಂಡಾಗ ಇನ್ನೊಂದು ಕಡೆಯ ಶಾಟ್. ಅಂದರೆ ಏಟು ಕೊಟ್ಟವನಿಗೂ ತಿಂದವನಿಗೂ ನಡುವೆ ದಿನಗಳೇ ಕಳೆದಿವೆ. ಇದು ಗೊತ್ತಾದ ಮೇಲೆ ಆ ದೃಶ್ಯ ಇನ್ನೂ ಚೆನ್ನಾಗಿ ಕಾಣುತ್ತದೆ. ಕೊನೆಗೆ ಅಲ್ಲಿನ ಸರ್ಕಾರಿ ಫಿಲ್ಮ್ ಕಮಿಷನ್ ಹಣ ಕೊಟ್ಟಿದ್ದರಿಂದ ಚಿತ್ರ ಮುಗಿಯಿತು.

ಐದು ವರ್ಷದ ನಂತರ ಇದೇ ಜಾಕ್ಸನ್ ‘ಬ್ರೈನ್‌ಡೆಡ್’ ಮಾಡಿದ. ಈ ಸಲ ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ಅದನ್ನೆಲ್ಲ ಸಿರಪ್ಪಿಗೇ ಸುರಿದ ಹಾಗಿದೆ. ನಾಯಕ ಹುಲ್ಲು ಕತ್ತರಿಸುವ ಯಂತ್ರವನ್ನು ಎದೆಗೆ ಅಡ್ಡ ಹಿಡಿದು ಜೊಂಬಿಗಳ ಗುಂಪಿಗೆ ನುಗ್ಗುತ್ತಾನೆ. ಕೊನೆಯ ಆ ಭಾಗಕ್ಕೆ ಬಳಸಿದ ನಕಲಿ ರಕ್ತ 300 ಲೀಟರ್ ಎನ್ನುತ್ತಾರೆ. ಒಂದು ಹನಿ ರಕ್ತ ಕಂಡರೆ ಅಯ್ಯೋ ಅನ್ನುತ್ತೇವೆ. ಒಂದು ಲೋಟ ಕಂಡರೆ ಹೊಟ್ಟೆ ತೊಳಸುತ್ತದೆ. ಡ್ರಮ್ಮುಗಟ್ಟಲೆ ಕಂಡಾಗ ಮನಸ್ಸು ಲೆಕ್ಕ ಬಿಟ್ಟುಬಿಡುತ್ತದೆ. ಒಬ್ಬ ಮನುಷ್ಯನಲ್ಲಿ ಇರುವುದು 5 ಲೀಟರ್ ಆಸುಪಾಸು ಎಂದು ಎಲ್ಲೋ ಓದಿದ್ದು ನೆನಪಾಗುತ್ತದೆ, ನಗು ತಡೆಯಲಾಗುವುದಿಲ್ಲ. ಅತಿಯಾದಾಗ ಭಯ ತಾನಾಗಿಯೇ ಕೋಡಂಗಿಯಾಟದ ಕಡೆ ಜಾರುತ್ತದೆ.

ಅಗ್ಗದ ಗ್ರಾಫಿಕ್ಸ್‌ಗೆ ಈ ಸೌಲಭ್ಯ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಕೆಟ್ಟ ಕಂಪ್ಯೂಟರ್ ದೆವ್ವ ದೃಶ್ಯದ ಮೇಲೆ ಅಂಟಿಸಿದ ಸ್ಟಿಕರ್‌ನಂತೆ ಕಾಣುತ್ತದೆ. ಲೈಟು ಒಂದು ಕಡೆ, ನೆರಳು ಇನ್ನೊಂದು ಕಡೆ. ನಟ ಖಾಲಿ ಗಾಳಿ ನೋಡಿ ಕಿರುಚುತ್ತಾನೆ, ಅವನ ಕಣ್ಣು ದೆವ್ವದ ಹೊಟ್ಟೆಯ ಮೇಲೆ ಇರುತ್ತದೆ. ಕೆಟ್ಟ ರಬ್ಬರ್ ದೆವ್ವವಾದರೂ ಅಲ್ಲಿ ನಿಜವಾಗಿ ನಿಂತಿದೆ. ಅದರ ಮೇಲೆ ಬಿದ್ದಿರುವುದು ಅದೇ ಕೋಣೆಯ ಬೆಳಕು. ಅದು ಕೈ ಹಾಕಿದರೆ ನಟನ ಅಂಗಿ ನಿಜವಾಗಿ ಹರಿಯುತ್ತದೆ. ನಂಬದೇ ಇದ್ದರೂ ಅದರ ಜೊತೆ ಆಡಬಹುದು.

ನಗಬಾರದವರು

ಇಷ್ಟೆಲ್ಲ ಇದ್ದರೂ ಸಿನಿಮಾ ಬೀಳುವ ಜಾಗ ಒಂದಿದೆ. ನಟನಿಗೆ ತಾನು ಕಾಮಿಡಿ ಮಾಡುತ್ತಿದ್ದೇನೆ ಎಂದು ಗೊತ್ತಾಗಿಬಿಟ್ಟರೆ ಮುಗಿಯಿತು. ಕ್ಯಾಂಪ್‌ಬೆಲ್ ತನ್ನ ಕೈಯನ್ನು ಬೈಯುವಾಗ ಒಂದು ಸಲವೂ ನಮ್ಮ ಕಡೆ ನೋಡಿ ಕಣ್ಣು ಹೊಡೆಯುವುದಿಲ್ಲ. ಅವನ ಮಟ್ಟಿಗೆ ಅದು ಜೀವನ್ಮರಣದ ಪ್ರಶ್ನೆ. ಪ್ರಪಂಚ ಎಷ್ಟು ಹುಚ್ಚಾದರೂ ಅದರೊಳಗಿನ ಮನುಷ್ಯ ಗಂಭೀರವಾಗಿರಬೇಕು.

2014ರ ‘ವಾಟ್ ವಿ ಡೂ ಇನ್ ದಿ ಶ್ಯಾಡೋಸ್’ ಇದಕ್ಕೆ ಚಂದದ ಮಾದರಿ. ಟೈಕಾ ವೈಟಿಟಿ ಮತ್ತು ಜೆಮೈನ್ ಕ್ಲೆಮೆಂಟ್ ಸೇರಿ ಮಾಡಿದ್ದು, ಇದೂ ನ್ಯೂಜಿಲೆಂಡಿನದೇ. ನೂರಾರು ವರ್ಷದ ವ್ಯಾಂಪೈರ್‌ಗಳು ಒಂದೇ ಮನೆಯಲ್ಲಿ ಬಾಡಿಗೆಗಿದ್ದಾರೆ. ಮನೆಯಲ್ಲಿ ಮೀಟಿಂಗ್ ಸೇರುತ್ತಾರೆ. ವಿಷಯ: ಒಬ್ಬ 5 ವರ್ಷದಿಂದ ಪಾತ್ರೆ ತೊಳೆದಿಲ್ಲ. ವ್ಯಾಂಪೈರ್‌ಗಳು ಕರೆಯದೆ ಯಾರ ಮನೆಗೂ ಕಾಲಿಡುವ ಹಾಗಿಲ್ಲ ಎಂಬ ಹಳೆಯ ನಂಬಿಕೆ ಇದೆಯಲ್ಲ, ಅದಕ್ಕೆ ಇವರು ನೈಟ್‌ಕ್ಲಬ್‌ನ ಬಾಗಿಲಲ್ಲಿ ನಿಂತು, ಒಳಗೆ ಬನ್ನಿ ಅಂತ ಒಂದು ಮಾತು ಹೇಳಿ ಎಂದು ಕಾವಲಿನವನನ್ನು ಬೇಡಿಕೊಳ್ಳುತ್ತಾರೆ. ಯಾರೂ ಹೇಳುವುದಿಲ್ಲ. ಆ ಮುಖಗಳಲ್ಲಿರುವ ಅವಮಾನ ಪೂರ್ತಿ ನಿಜ. ನಮಗೆ ನಗು ಬರುವುದು ಅದಕ್ಕೇ. ಸಾಕ್ಷ್ಯಚಿತ್ರದ ರೀತಿಯಲ್ಲಿ ತೆಗೆದಿದ್ದರಿಂದ ಅಲುಗುವ ಕ್ಯಾಮೆರಾ, ಮಂದ ಬೆಳಕು ಎಲ್ಲಕ್ಕೂ ಕತೆಯೊಳಗೇ ಕಾರಣ ಸಿಕ್ಕಿಬಿಟ್ಟಿತು. ನಟರು ಹೆಚ್ಚಿನ ಮಾತುಗಳನ್ನು ಆ ಹೊತ್ತಿಗೇ ಹುಟ್ಟಿಸಿಕೊಂಡರು, 100 ಗಂಟೆಗೂ ಹೆಚ್ಚು ಚಿತ್ರೀಕರಿಸಿ ಅದರಿಂದ ಒಂದೂವರೆ ಗಂಟೆಯನ್ನೂ ಮೀರದ ಸಿನಿಮಾ ಸೋಸಿ ತೆಗೆದರು. ಈ ಸೋಸುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ ದಾರ ಅಂದರೆ ಇದು.

ಬೇಕಂತಲೇ ಕೆಟ್ಟದಾಗಿ ಮಾಡಿದ ಸಿನಿಮಾಗಳೂ ಇವೆ. ‘ನಮ್ಮ ಗ್ರಾಫಿಕ್ಸ್ ದರಿದ್ರವಾಗಿದೆ, ನಗಿ’ ಎಂದು ಮೊದಲೇ ಬೋರ್ಡು ಹಾಕಿಕೊಂಡು ಬರುತ್ತವೆ. ಹತ್ತು ನಿಮಿಷ ನಗುತ್ತೇನೆ, ಆಮೇಲೆ ಫೋನ್ ಕೈಗೆ ಬರುತ್ತದೆ. ಅಮೆರಿಕದ ಲೇಖಕಿ ಸೂಸನ್ ಸಾಂಟ್ಯಾಗ್ 1964ರ ಒಂದು ಪ್ರಬಂಧದಲ್ಲಿ ಇಂಥ ವಿಚಿತ್ರ ಅಭಿರುಚಿಯ ಬಗ್ಗೆ ಬರೆಯುತ್ತಾ, ತಿಳಿಯದೆ ಆಗುವ ಅತಿರೇಕಕ್ಕೂ ತಿಳಿದು ಮಾಡುವ ಅತಿರೇಕಕ್ಕೂ ವ್ಯತ್ಯಾಸ ತೋರಿಸಿದ್ದರು. ಅವರಿಗೆ ಮೊದಲನೆಯದೇ ಹೆಚ್ಚು ಪ್ರಿಯ. ತಿಳಿಯದೆ ಮಾಡಿದವನು ತನ್ನ ಕೆಲಸವನ್ನು ಮನಸಾರೆ ನಂಬಿರುತ್ತಾನಲ್ಲ, ಆ ನಂಬಿಕೆಯನ್ನು ನಟಿಸುವುದು ಕಷ್ಟ.

ಹಾಗೆ ನಂಬಿ ಮಾಡಿದವರಲ್ಲಿ ಹೆಸರುವಾಸಿ ಎಡ್ ವುಡ್. ಡ್ರಾಕುಲಾ ಪಾತ್ರದಿಂದ ಹೆಸರಾಗಿದ್ದ ನಟ ಬೇಲಾ ಲುಗೋಸಿಯನ್ನು ಇಟ್ಟುಕೊಂಡು ಬೇರೆ ಚಿತ್ರಕ್ಕೆಂದು ಅವನು ಒಂದಷ್ಟು ಶಾಟ್ ತೆಗೆದಿದ್ದ. 1956ರಲ್ಲಿ ಲುಗೋಸಿ ತೀರಿಕೊಂಡರು, ಆ ಶಾಟ್‌ಗಳನ್ನೇ ವುಡ್ ತನ್ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ಗೆ ಸೇರಿಸಿಕೊಂಡ. ಉಳಿದ ದೃಶ್ಯಗಳಲ್ಲಿ ಬೇರೊಬ್ಬ ಮೇಲಂಗಿಯನ್ನು ಮೂಗಿನವರೆಗೆ ಎತ್ತಿ ಹಿಡಿದು ಓಡಾಡುತ್ತಾನೆ. ಅವನು ಲುಗೋಸಿಗಿಂತ ಎತ್ತರ. ಕಾಮಿಡಿ ಮಾಡುವ ಉದ್ದೇಶ ವುಡ್‌ಗೆ ಇರಲಿಲ್ಲ. ಇಲ್ಲಿ ನಾವು ನಗುವುದು ಅವನ ಜೊತೆಗಲ್ಲ, ಅವನನ್ನು ನೋಡಿ. ನಾನೂ ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಆ ನಗುವಿನಲ್ಲಿ ಸ್ವಲ್ಪ ಕಸಿವಿಸಿ ಇರುತ್ತದೆ.

ದುಡ್ಡಿಲ್ಲದ ಸಿನಿಮಾಗೆ ಇನ್ನೊಂದು ಲಾಭವೂ ಇದೆ: ಕೇಳುವವರಿಲ್ಲ. ದೊಡ್ಡ ಹಣ ಹಾಕಿದವರು ಮೊದಲು ಕೇಳುವುದೇ ‘ಇದು ಹಾರರ್ರೋ ಕಾಮಿಡಿಯೋ, ಪೋಸ್ಟರ್‌ನಲ್ಲಿ ಏನಂತ ಹಾಕೋಣ?’ ಎಂದು. ಆ ಪ್ರಶ್ನೆಗೆ ಉತ್ತರ ಕೊಡುತ್ತಾ ಹೋದರೆ ಸಿನಿಮಾ ಒಂದು ಕಡೆ ವಾಲುತ್ತದೆ. ಓವನ್‌ನಲ್ಲಿ ಮುಖವಾಡ ಬೇಯಿಸುವವನಿಗೆ ಅಮ್ಮ ಒಬ್ಬರಿಗೆ ಉತ್ತರ ಕೊಟ್ಟರೆ ಸಾಕು.

ಈ ಸಿನಿಮಾಗಳನ್ನು ಒಬ್ಬರೇ ಕೂತು ನೋಡಬೇಡಿ ಎಂದು ಗೆಳೆಯರಿಗೆ ಹೇಳುತ್ತಿರುತ್ತೇನೆ. ರಾಬರ್ಟ್ ಪ್ರೊವೈನ್ ಎಂಬ ಮನೋವಿಜ್ಞಾನಿ ಜನರ ನಗುವನ್ನು ವರ್ಷಗಟ್ಟಲೆ ಗಮನಿಸಿ, ಒಬ್ಬರೇ ಇದ್ದಾಗ ನಗುವುದಕ್ಕಿಂತ ನಾಲ್ಕು ಜನರ ನಡುವೆ ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂದು ಕಂಡುಕೊಂಡಿದ್ದರು. ಹೆದರಿದ್ದನ್ನು ಮುಚ್ಚಿಟ್ಟುಕೊಳ್ಳಲು ನಗುವುದು, ಪಕ್ಕದವರು ಹೆದರಿದ್ದನ್ನು ನೋಡಿ ನಗುವುದು, ಎಲ್ಲ ಸೇರಿ ಕೋಣೆಯೊಳಗೆ ಇನ್ನೊಂದು ಸಿನಿಮಾ ನಡೆಯುತ್ತಿರುತ್ತದೆ.

37 ನಿಮಿಷ

ಇನ್ನೊಂದು ಸಿನಿಮಾದ ಬಗ್ಗೆ ಹೇಳದೆ ಮುಗಿಸಲಾಗುವುದಿಲ್ಲ. ಅದರ ಗುಟ್ಟು ಹೇಳದೆ ಅದರ ಬಗ್ಗೆ ಮಾತಾಡಲೂ ಆಗುವುದಿಲ್ಲ. ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ನನಗೇನೂ ಬೇಜಾರಿಲ್ಲ.

ಶಿನಿಚಿರೊ ಉಯೆಡಾ ನಿರ್ದೇಶನದ ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’ 2017ರದ್ದು. ಬಜೆಟ್ ಸುಮಾರು 30 ಲಕ್ಷ ಯೆನ್, ಸಿನಿಮಾದ ಲೆಕ್ಕದಲ್ಲಿ ಚಿಲ್ಲರೆ ಕಾಸು. ನಟರು ಒಂದು ತರಬೇತಿ ಶಾಲೆಯ ಕಾರ್ಯಾಗಾರಕ್ಕೆ ಬಂದವರು, ಹೆಸರಿಲ್ಲದವರು. 2018ರಲ್ಲಿ ಟೋಕಿಯೋದ ಬರೀ 2 ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ನೋಡಿದವರು ನೋಡದವರಿಗೆ ಹೇಳಿ ಹೇಳಿ, ಕೊನೆಗೆ ಜಪಾನಿನಲ್ಲೇ 300 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. ಹಾಕಿದ್ದರ ಸಾವಿರ ಪಟ್ಟು.

ಮೊದಲ 37 ನಿಮಿಷ ಒಂದೇ ಶಾಟ್. ಎಲ್ಲೂ ಕಟ್ ಇಲ್ಲ. ಪಾಳುಬಿದ್ದ ಕಟ್ಟಡದಲ್ಲಿ ಜೊಂಬಿ ಸಿನಿಮಾ ಶೂಟಿಂಗ್, ಅಲ್ಲಿಗೆ ನಿಜವಾದ ಜೊಂಬಿಗಳು ಬರುತ್ತವೆ. ನಿಜ ಹೇಳಬೇಕೆಂದರೆ, ನಾನು ಮೊದಲ ಸಲ ನೋಡಿದಾಗ ಹದಿನೈದನೇ ನಿಮಿಷಕ್ಕೆ ನಿಲ್ಲಿಸಿಬಿಡುವವನಿದ್ದೆ. ನಟರು ಇದ್ದಕ್ಕಿದ್ದಂತೆ ಮಾತು ಮರೆತವರ ಹಾಗೆ ನಿಂತು, ಏನೋ ಹವ್ಯಾಸದ ಬಗ್ಗೆ ಲೋಕಾಭಿರಾಮ ಮಾತಾಡುತ್ತಾರೆ. ಕ್ಯಾಮೆರಾ ಒಮ್ಮೆ ನೆಲಕ್ಕೆ ಬಿದ್ದು ಅಲ್ಲೇ ಇರುತ್ತದೆ. ಎದ್ದ ಮೇಲೆ ಅದಕ್ಕೆ ಹುಚ್ಚು ಹಿಡಿದಂತೆ ಸುಮ್ನೆ ಜೂಮ್ ಆಗುತ್ತದೆ. ಒಬ್ಬ ಕಾರಣವಿಲ್ಲದೆ ಹೊರಗೆ ಓಡುತ್ತಾನೆ. ದಾರ ಕಾಣುತ್ತಿದೆ, ಅದೂ ಒಂದೆರಡಲ್ಲ. ಇದೇನು ಇಷ್ಟು ಕೆಟ್ಟದಾಗಿದೆ ಎಂದು ಬೈದುಕೊಂಡೆ.

ಆಮೇಲೆ ಸಿನಿಮಾ ಒಂದು ತಿಂಗಳು ಹಿಂದೆ ಹೋಗುತ್ತದೆ. ಆ 37 ನಿಮಿಷ, ಟಿವಿಗೆ ನೇರ ಪ್ರಸಾರದಲ್ಲಿ ತೆಗೆಯಬೇಕಾದ ಕಾರ್ಯಕ್ರಮವಂತೆ. ನಿಲ್ಲಿಸುವ ಹಾಗಿಲ್ಲ. ಈಗ ನಾವು ಅದೇ ದೃಶ್ಯಗಳನ್ನು ಕ್ಯಾಮೆರಾದ ಹಿಂದಿನಿಂದ ನೋಡುತ್ತೇವೆ. ಹೊರಗೆ ಓಡಿದವನಿಗೆ ಹೊಟ್ಟೆ ಕೆಟ್ಟಿದೆ. ಒಬ್ಬ ನಟ ಕುಡಿದು ಬಿದ್ದಿದ್ದಾನೆ, ಅವನನ್ನು ಹಿಂದಿನಿಂದ ಹಿಡಿದು ಜೊಂಬಿಯಂತೆ ನಡೆಸುತ್ತಿದ್ದಾರೆ. ಲೋಕಾಭಿರಾಮದ ಹೊತ್ತಿನಲ್ಲಿ ಆಚೆ ಮುಂದಿನ ಪಾತ್ರಧಾರಿಯನ್ನು ಎಬ್ಬಿಸಲು ಪರದಾಡುತ್ತಿದ್ದಾರೆ. ಕ್ಯಾಮೆರಾಮನ್ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿದ್ದಾನೆ, ಸಹಾಯಕಿ ಕ್ಯಾಮೆರಾ ಎತ್ತಿಕೊಂಡು ಓಡಿದ್ದಾಳೆ. ಅವಳಿಗೆ ಜೂಮ್ ಅಂದರೆ ಪ್ರಾಣ. ನಾನು ಬೈದುಕೊಂಡಿದ್ದ ಒಂದೊಂದು ತಪ್ಪಿನ ಹಿಂದೆಯೂ ಯಾರೋ ಒಬ್ಬರು ಬೆವರು ಸುರಿಸುತ್ತಿದ್ದರು.

ಕೊನೆಯ ಶಾಟ್ ಮೇಲಿನಿಂದ ಬೇಕು. ಅದಕ್ಕೆ ತಂದಿದ್ದ ಕ್ರೇನ್ ಕೈಕೊಟ್ಟಿದೆ. ಇನ್ನು ಕೆಲವೇ ನಿಮಿಷ ಉಳಿದಿದೆ. ಮೇಕಪ್‌ನವರು, ಸೌಂಡ್‌ನವರು, ಜೊಂಬಿಗಳು, ಕುಡಿದವನು, ಹೊಟ್ಟೆ ಕೆಟ್ಟವನು, ಎಲ್ಲರೂ ಮಂಡಿಯೂರಿ ಒಬ್ಬರ ಬೆನ್ನ ಮೇಲೆ ಒಬ್ಬರು ಹತ್ತಿ ಮನುಷ್ಯರ ಗೋಪುರ ಕಟ್ಟುತ್ತಾರೆ. ಅದರ ತುದಿಯಲ್ಲಿ ಕತೆಯೊಳಗಿನ ನಿರ್ದೇಶಕ. ಅವನ ಹೆಗಲ ಮೇಲೆ ಅವನ ಮಗಳು, ಅವಳ ಕೈಯಲ್ಲಿ ಕ್ಯಾಮೆರಾ. ಗೋಪುರ ನಡುಗುತ್ತಿದೆ.

ಹೆಸರುಗಳು ಮೇಲೇರಲು ಶುರುವಾದಾಗ ಎದ್ದು ಹೋಗಬೇಡಿ. ಆ 37 ನಿಮಿಷವನ್ನು ನಿಜವಾಗಿ ತೆಗೆದ ದಿನದ ದೃಶ್ಯಗಳು ಬರುತ್ತವೆ. ಅಲ್ಲಿ ನಿಜವಾದ ಕ್ಯಾಮೆರಾಮನ್ ಇದ್ದಾನೆ. ಕ್ಯಾಮೆರಾ ಹಿಡಿದುಕೊಂಡು ಓಡುತ್ತಿದ್ದಾನೆ.